ಮೂರು ಸುಳ್ಳು ಪಟ್ಟಿ

ನನ್ನ ಬಾಯಿ ಜೋರು ಎನ್ನುವುದು ನನಗೂ ಗೊತ್ತು. ವಾರ್ಡಿನಲ್ಲಿ ಬೆನ್ನ ಹಿಂದೆ ನನ್ನನ್ನು 'ಮೈಕ್ ಸಿಸ್ಟರ್' ಎನ್ನುತ್ತಾರೆ, ಅದೂ ಗೊತ್ತು. ಇಪ್ಪತ್ತೇಳು ವರ್ಷ ಆಪರೇಷನ್ ಥಿಯೇಟರಿನಲ್ಲೂ ವಾರ್ಡಿನಲ್ಲೂ ನಿಂತು ನಿಂತು ಕಾಲಿನ ನರ ಉಬ್ಬಿಸಿಕೊಂಡವಳು ನಾನು. ಪಿಸುಮಾತಿನಲ್ಲಿ ಕೆಲಸ ತೆಗೆಯುವುದು ನನಗೆ ಬರುವುದಿಲ್ಲ. ಆದರೆ ಈ ಬಾಯಿ ಒಬ್ಬನ ಪ್ರಾಣಕ್ಕೇ ಬಂದೀತು, ಅದೂ ನನ್ನ ಬೆನ್ನಿಗೆ ಬಿದ್ದ ತಮ್ಮನ ಪ್ರಾಣಕ್ಕೆ, ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವರಿಗೂ ಸರಿಯಾಗಿ ಬೈದು ಕಳಿಸುತ್ತಿದ್ದೆ.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಕರುಳಿನ ಗಡ್ಡೆ ತೆಗೆಯಲು ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ, ತೂತು ಮಾಡುತ್ತಾರೆ. ಹಳೆಯ ರೀತಿಯಲ್ಲಿ ನಾಲ್ಕು ತೂತು: ಹೊಕ್ಕಳ ಹತ್ತಿರ ಒಂದು ದೊಡ್ಡದು, ಸುತ್ತ ಮೂರು ಸಣ್ಣವು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಕತ್ತರಿ, ಚಿಮಟ. ಕತ್ತರಿಸಿದ ಕರುಳಿನ ತುಂಡನ್ನು ಹೊಕ್ಕಳ ತೂತಿನಿಂದ ಹೊರಗೆ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿಬಿಡುತ್ತಾರೆ. ಹೊಸ ರೀತಿಯಲ್ಲಿ ಆ ಹೊಕ್ಕಳ ತೂತೊಂದೇ. ಕ್ಯಾಮೆರಾ, ಕತ್ತರಿ, ಚಿಮಟ ಎಲ್ಲವೂ ಅದರಲ್ಲೇ ನುಗ್ಗಬೇಕು. ಯಾವುದರಲ್ಲಿ ನೋವು ಕಡಿಮೆ, ಯಾವುದರಲ್ಲಿ ಜನ ಬೇಗ ಎದ್ದು ಓಡಾಡುತ್ತಾರೆ? ಅದನ್ನು ತಿಳಿಯಲು ನಮ್ಮ ಸರ್ಜನ್, ಎಲ್ಲರೂ ಡಾಕ್ಟ್ರಮ್ಮ ಎನ್ನುವವರು, ಒಂದು ಅಧ್ಯಯನ ಶುರು ಮಾಡಿದ್ದರು. ಒಪ್ಪಿ ಸಹಿ ಹಾಕಿದ ರೋಗಿಗೆ ಯಾವ ರೀತಿ ಎಂದು ಆರಿಸುವ ಹಕ್ಕು ಅವರಿಗೂ ಇಲ್ಲ, ರೋಗಿಗೂ ಇಲ್ಲ. ಅಂಟು ಹಾಕಿದ ಲಕೋಟೆಯೊಳಗೆ ಚೀಟಿ. ಅರಿವಳಿಕೆ ಕೊಟ್ಟ ಮೇಲೆ ಲಕೋಟೆ ಒಡೆಯುವುದು. 'ಒಂದು' ಎಂದಿದ್ದರೆ ಒಂದು, 'ನಾಲ್ಕು' ಎಂದಿದ್ದರೆ ನಾಲ್ಕು.

ಇನ್ನೊಂದು ಕಟ್ಟಪ್ಪಣೆ ಇತ್ತು. ತನಗೆ ಯಾವುದು ಆಯಿತೆಂದು ರೋಗಿಗೆ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ನೋವನ್ನು ತನಗೆ ಬೇಕಾದ ಹಾಗೆ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಅದಕ್ಕಾಗಿ ಎಲ್ಲರ ಹೊಟ್ಟೆಗೂ ನಾಲ್ಕು ಪಟ್ಟಿ ಅಂಟಿಸುತ್ತಿದ್ದೆವು. ಒಂದೇ ತೂತಾದವರಿಗೆ ಒಂದು ನಿಜವಾದ ಪಟ್ಟಿ, ಮೂರು ಸುಳ್ಳು ಪಟ್ಟಿ, ಬರೀ ಚರ್ಮದ ಮೇಲೆ. ಅಂಟಿಸುವುದು, ಎರಡು ದಿನ ಬಿಟ್ಟು ಬದಲಾಯಿಸುವುದು ನನ್ನ ಕೆಲಸ. ಬದಲಾಯಿಸುವಾಗ ರೋಗಿಗೆ ಕಾಣದ ಹಾಗೆ ಎದೆಯ ಮೇಲೊಂದು ಟವೆಲ್ ಅಡ್ಡ ಹಿಡಿಸುತ್ತಿದ್ದೆ. ವಾರ್ಡಿನಲ್ಲಿ ಪಟ್ಟಿಯ ಕೆಳಗೇನಿದೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ನೋವೆಷ್ಟು ಎಂದು ಕೇಳಲು ಬೇರೆಯವರು ಬರುತ್ತಿದ್ದರು: ಅಂಕಿಅಂಶದ ವಿಭಾಗದ, ಸದಾ ಕನ್ನಡಕ ಒರೆಸುವ ಒಬ್ಬ ಹೆಂಗಸು. ನಾವು ನಂಬರ್ ಮೇಡಂ ಎನ್ನುತ್ತಿದ್ದೆವು. ಬೆಳಿಗ್ಗೆ ಹತ್ತಕ್ಕೆ, ಸಂಜೆ ಐದಕ್ಕೆ ಬಂದು, "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?" ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದರು.

ನನಗೋ ಈ ಒಂದೇ ತೂತಿನ ವಿದ್ಯೆ ಕಂಡರೆ ಆಗುತ್ತಿರಲಿಲ್ಲ. ಥಿಯೇಟರಿನಲ್ಲಿ ಡಾಕ್ಟ್ರಮ್ಮನ ಕೈಗೂ ಕ್ಯಾಮೆರಾ ಹಿಡಿದವರ ಕೈಗೂ ಡಿಕ್ಕಿಯೋ ಡಿಕ್ಕಿ. ಒಂದೇ ಬಾಗಿಲಲ್ಲಿ ಮೂವರು ಒಟ್ಟಿಗೆ ಹೊರಡಲು ಹೋದ ಹಾಗೆ. ನಾಲ್ಕರದ್ದು ಮುಗಿಯುವುದಕ್ಕಿಂತ ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿತ್ತು, ನನ್ನ ಸೊಂಟ ಬಿದ್ದು ಹೋಗುತ್ತಿತ್ತು.

"ಚಂದಕ್ಕೆ ಕಣ್ರೀ ಇದೆಲ್ಲ," ಎಂದು ನಾನು ಕೈ ತೊಳೆಯುವಾಗಲೇ ಶುರು ಮಾಡುತ್ತಿದ್ದೆ. "ಕರುಳು ರಿಪೇರಿಗೆ ಬಂದೋರಿಗೆ ಹೊಟ್ಟೆ ಚಂದ ಕಾಣ್ಬೇಕಾ? ಯಾರಿಗೆ ತೋರ್ಸ್ಬೇಕು?"

ಡಾಕ್ಟ್ರಮ್ಮ ಒಂದು ದಿನವೂ ಸಿಟ್ಟು ಮಾಡಿಕೊಂಡವರಲ್ಲ. "ನೀವು ಹೇಳೋದೇ ನಿಜ ಇರಬಹುದು ಸಿಸ್ಟರ್, ಇಲ್ದೇನೂ ಇರಬಹುದು. ನನಗೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಈ ಚೀಟಿ ಯಾಕೆ ಬೇಕಿತ್ತು?" ಎನ್ನುತ್ತಿದ್ದರು. ಅಷ್ಟು ದೊಡ್ಡ ಡಾಕ್ಟರ್ 'ನನಗೆ ಗೊತ್ತಿಲ್ಲ' ಎಂದರೆ ನನಗೆ ಇನ್ನೂ ಪಿತ್ತ ನೆತ್ತಿಗೇರುತ್ತಿತ್ತು. ನನಗೆ ಗೊತ್ತಿತ್ತಲ್ಲ!

ಇದೇ ಮಾತು ವಾರ್ಡಿನಲ್ಲಿ, ಇದೇ ಮಾತು ಕ್ಯಾಂಟೀನಿನಲ್ಲಿ, ಇದೇ ಮಾತು ಭಾನುವಾರದ ಊಟಕ್ಕೆ ತಮ್ಮನ ಮನೆಗೆ ಹೋದಾಗ. ನನ್ನ ತಮ್ಮ ನಲ್ಲಿ-ಪೈಪಿನ ಕೆಲಸದವನು. ಐವತ್ತೆರಡು ವರ್ಷ. ಕಮ್ಮಿ ಮಾತು. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸಿದೆ ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ಹೋದಾಗ ಅವನಿಗೆ ಒಂಬತ್ತು, ನನಗೆ ಹದಿನಾರು. ಅವನ ತಲೆ ಬಾಚುವುದರಿಂದ ಹಿಡಿದು ಮದುವೆಯವರೆಗೆ ಎಲ್ಲ ನನ್ನ ಕೈಯಲ್ಲೇ ಆದದ್ದು. ಬೈದದ್ದಕ್ಕೂ ಲೆಕ್ಕವಿಲ್ಲ.

"ನೋಡ್ತಾ ಇರು, ನಾಲ್ಕೇ ಗೆಲ್ಲೋದು," ಎಂದು ನಾನು ತಟ್ಟೆಯ ಮುಂದೆ ಕೂತು ಕೈ ಆಡಿಸುತ್ತಿದ್ದೆ. "ಒಂದು ಗೆದ್ರೆ ನಾನು ಈ ಬಿಳೀ ಬಟ್ಟೆ ಬಿಚ್ಚಿಟ್ಟು ಮನೇಲಿ ಕೂರ್ತೀನಿ. ಆ ಡಾಕ್ಟ್ರಮ್ಮನ ಮುಂದೆ ಮುಖ ಎತ್ಕೊಂಡು ಹೇಗೆ ಓಡಾಡ್ಲಿ?"

"ಗೆಲ್ಲುತ್ತೆ ಬಿಡಕ್ಕ," ಎನ್ನುತ್ತಿದ್ದ ಅವನು. ನಾನು ಹೇಳಿದ್ದೆಲ್ಲ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತಿದೆ ಎಂದೇ ನನ್ನ ಲೆಕ್ಕ.

ಅವನಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಪೈಪಿನ ಜಾಯಿಂಟು ಸೋರಲು ಶುರುವಾದರೆ ಜನ ಅದಕ್ಕೆ ಹಳೇ ಬಟ್ಟೆ ಸುತ್ತಿ, ಮುಂದೆ ಒಂದು ಬಕೆಟ್ ಇಟ್ಟು ಮುಚ್ಚಿಬಿಡುತ್ತಾರಂತೆ. "ಮೊದಲ ದಿನಾನೇ ಕರೆದಿದ್ರೆ ಹತ್ತು ನಿಮಿಷದ ಕೆಲಸ. ಮುಚ್ಚಿಟ್ಟು ಮುಚ್ಚಿಟ್ಟು ಗೋಡೆನೇ ಹಾಳು ಮಾಡ್ಕೊಳ್ತಾರೆ," ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ. ಹೀಗೆ ಹೇಳಿದವನೇ ನಾಲ್ಕು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿದ್ದದ್ದನ್ನು ಮುಚ್ಚಿಟ್ಟಿದ್ದ. ಪ್ಯಾಂಟಿಗೆ ಬೆಲ್ಟು ಇನ್ನೆರಡು ತೂತು ಒಳಗೆ ಹೋದಾಗ ಅವನ ಹೆಂಡತಿ ಹಿಡಿದುಕೊಂಡು ಬಂದಳು.

"ಯಾಕೋ ಹೇಳ್ಲಿಲ್ಲ?" ಎಂದೆ.

"ಬೈತೀಯ ಅಂತ," ಎಂದ.

ಎಡಗಡೆ ಕರುಳಿನಲ್ಲಿ ಗಡ್ಡೆ. ಪುಣ್ಯಕ್ಕೆ ಬೇರೆ ಕಡೆ ಹರಡಿರಲಿಲ್ಲ. ಡಾಕ್ಟ್ರಮ್ಮ ಅಧ್ಯಯನದ ಕಾಗದ ಮುಂದಿಟ್ಟು ಎಲ್ಲ ವಿವರಿಸಿದರು. ನಾನು ಅವನನ್ನು ಹೊರಗೆ ಎಳೆದುಕೊಂಡು ಹೋಗಿ ಕೂರಿಸಿದೆ.

"ಸಹಿ ಹಾಕ್ಬೇಡ. ನಾಲ್ಕೇ ಮಾಡಿ ಅಂತ ಕೇಳು. ಕೇಳಿದ್ರೆ ಮಾಡ್ತಾರೆ, ಒತ್ತಾಯ ಏನಿಲ್ಲ."

ಅವನು ಗೋಡೆಯ ಕಡೆ ನೋಡುತ್ತ ಕೂತಿದ್ದ. "ಎಲ್ರೂ ಹೀಗೇ ಕೇಳ್ಕೊಂಡ್ರೆ ಯಾವ್ದು ಸರಿ ಅಂತ ಗೊತ್ತಾಗೋದು ಹೇಗಕ್ಕ? ನೀನೇ ಹೇಳ್ತೀಯಲ್ಲ, ಗೆಲ್ಲುತ್ತೆ ಅಂತ. ಗೆಲ್ಲೋಕೆ ಜನ ಬೇಡ್ವಾ?"

ಹೋಗಿ ಸಹಿ ಹಾಕಿಯೇ ಬಿಟ್ಟ. ಆ ಕೊನೆಯ ಮಾತಿಗೆ ನಾನು ಕಿವಿಗೊಡಬೇಕಿತ್ತು. ಕೊಡಲಿಲ್ಲ.

ಡಾಕ್ಟ್ರಮ್ಮ ನನ್ನನ್ನು ಕರೆದು, "ಇವರ ಪಟ್ಟಿ ಕೆಲಸ ಬೇರೆ ಸಿಸ್ಟರ್ ಮಾಡ್ಲಿ. ನಿಮ್ಮ ತಮ್ಮ, ನಿಮಗೂ ಕಷ್ಟ," ಎಂದರು. "ನನ್ ತಮ್ಮನ ಹೊಟ್ಟೆ ಇನ್ನೊಬ್ರ ಕೈಗೆ ಕೊಡಲ್ಲ ಮೇಡಂ," ಎಂದೆ. ನನ್ನೊಂದಿಗೆ ವಾದಕ್ಕೆ ನಿಲ್ಲುವ ತ್ರಾಣ ಆ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ, ಅವರಿಗೂ ಇರಲಿಲ್ಲ. ಹೂಂ ಎಂದುಬಿಟ್ಟರು.

ಸೋಮವಾರ ಆಪರೇಷನ್. ನಾನು ಒಳಗೆ ಹೋಗದೆ ಪಕ್ಕದ ಕೋಣೆಯಲ್ಲಿ ಗಾಯಕ್ಕೆ ಹಾಕುವ ಗಾಜ್ ಬಟ್ಟೆ ಮಡಿಸುತ್ತ ಕೂತಿದ್ದೆ. ಮುಗಿದಾಗ ಕರೆದರು. ಹೊದಿಕೆ ಸರಿಸಿ ನೋಡುತ್ತೇನೆ, ಹೊಕ್ಕಳಲ್ಲಿ ಒಂದೇ ಒಂದು ಗಾಯ. ಚೀಟಿಯಲ್ಲಿ 'ಒಂದು' ಎಂದಿತ್ತು. ನನ್ನ ಹಣೆಬರಹವೇ! ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಬೈದಾಡಿದ ತೂತಿಗೇ ನನ್ನ ತಮ್ಮ ಹೋಗಿ ಬಿದ್ದಿದ್ದ. ಬಾಯಿ ಬಿಡುವಂತಿಲ್ಲ. ಹಲ್ಲು ಕಚ್ಚಿಕೊಂಡು ಮೂರು ಸುಳ್ಳು ಪಟ್ಟಿ ಅಂಟಿಸಿದೆ.

ಮೊದಲೆರಡು ದಿನ ಎಲ್ಲರಂತೆಯೇ ಇದ್ದ. ಆರು, ಐದು, ನಾಲ್ಕು ಎಂದು ನಂಬರ್ ಮೇಡಂಗೆ ಹೇಳಿದನಂತೆ. ಮೇಡಂ ಆ ಹಾಳೆಯನ್ನು ಯಾರಿಗೂ ತೋರಿಸುವವರಲ್ಲ, ಆದರೆ ತಮ್ಮನ ಹೆಂಡತಿ ಪಕ್ಕದಲ್ಲೇ ಇರುತ್ತಿದ್ದಳಲ್ಲ, ಎಲ್ಲ ನನಗೆ ವರದಿಯಾಗುತ್ತಿತ್ತು.

ಬುಧವಾರ ಮಧ್ಯಾಹ್ನ ಪಟ್ಟಿ ಬದಲಾಯಿಸಲು ಹೋದೆ. ಟವೆಲ್ ಅಡ್ಡ ಹಿಡಿಸಿದೆ. ಅವನು ಚಾವಣಿ ನೋಡುತ್ತ ಮಲಗಿದ್ದ. ಏಳು ವರ್ಷದವನಿದ್ದಾಗ ಅವನ ಮೊಣಕಾಲಿಗೆ ಅಂಟಿಸಿದ್ದ ಪಟ್ಟಿಯನ್ನು ನಾನು ಒಂದೇ ಸಲಕ್ಕೆ ಕಿತ್ತಿದ್ದೆ. ಅವನು ಅಳಲಿಲ್ಲ, ಬಿಳಿಚಿಕೊಂಡು ನನ್ನ ಮಡಿಲಿಗೆ ಬಿದ್ದುಬಿಟ್ಟಿದ್ದ. ಅದು ಯಾಕೋ ಆಗ ನೆನಪಾಯಿತು. ಸ್ಪಿರಿಟ್ ಹಚ್ಚಿ, ಅಂಚು ನೆನೆಸಿ, "ಉಸಿರು ಬಿಡು, ಉಸಿರು ಬಿಡು," ಎನ್ನುತ್ತ ಒಂದೊಂದನ್ನೂ ಮೆಲ್ಲಗೆ ಎಬ್ಬಿಸಿದೆ. ಹೊಕ್ಕಳದ್ದು, ಆಮೇಲೆ ಆ ಮೂರು. ಪಕ್ಕದ ಮಂಚದಲ್ಲಿ ಹತ್ತು ದಿನದಿಂದ ಮಲಗಿದ್ದ ಬಸ್ ಡ್ರೈವರ್ ಒಬ್ಬರು ತಲೆ ಎತ್ತಿ ಗಮನವಿಟ್ಟು ನೋಡುತ್ತಿದ್ದರು. ನನ್ನ ಮೈ ಅಡ್ಡವಿದ್ದು ಅವರಿಗೆ ಕಾಣುತ್ತಿದ್ದದ್ದು ನನ್ನ ತೋಳು ಮಾತ್ರ; ಕೆಲಸವಿಲ್ಲದ ಮನುಷ್ಯ, ನೋಡಲಿ ಬಿಡು ಅಂದುಕೊಂಡೆ.

ಅಂದು ಸಂಜೆ ತಮ್ಮ ನಂಬರ್ ಮೇಡಂಗೆ 'ಸೊನ್ನೆ' ಎಂದನಂತೆ. ಗುರುವಾರ ಬೆಳಿಗ್ಗೆ ಸೊನ್ನೆ. ಸಂಜೆ ಸೊನ್ನೆ. ನೋವಿನ ಮಾತ್ರೆ ಕೊಡಲು ಹೋದರೆ, "ಬೇಡ, ನೋವಿಲ್ಲ," ಎಂದು ವಾಪಸು ಕಳಿಸಿದನಂತೆ.

ನನ್ನ ಸ್ಥಿತಿ ಕೇಳಬೇಡಿ. ಒಂದು ಕಡೆ ಹೊಟ್ಟೆಯುರಿ: ಈ ಒಂದೇ ತೂತು ಇಷ್ಟು ಸುಖವೇ ಹಾಗಾದರೆ? ಅಧ್ಯಯನ ಶುರುವಾದಾಗಿನಿಂದ ಎಂಟು ತಿಂಗಳು ಬೊಬ್ಬೆ ಹೊಡೆದದ್ದೆಲ್ಲ ನೀರುಪಾಲೇ? ಇನ್ನೊಂದು ಕಡೆ, ಗುರುವಾರ ಮನೆಗೆ ಹೋಗಿ ಕಾಲು ಚಾಚಿ ಕೂತಾಗ, ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಒಬ್ಬಳೇ ನಕ್ಕುಬಿಟ್ಟೆ. ಸೋತರೆ ಸೋಲಲಿ. ಅವನಿಗೆ ನೋವಿಲ್ಲವಲ್ಲ, ಅಷ್ಟು ಸಾಕು. ಡಾಕ್ಟ್ರಮ್ಮನ ಮುಂದೆ ತಲೆ ತಗ್ಗಿಸಿ, ನೀವೇ ಗೆದ್ದಿರಿ ಎಂದು ಹೇಳಲೂ ತಯಾರಾಗಿದ್ದೆ.

ಶುಕ್ರವಾರ ಬೆಳಿಗ್ಗೆ ಡಾಕ್ಟ್ರಮ್ಮ ವಾರ್ಡಿಗೆ ಬಂದಾಗ ಅವನ ನಾಡಿ ನೂರಾ ಎಂಟು ಇತ್ತು. ಸ್ವಲ್ಪ ಮೈ ಬೆಚ್ಚಗಿತ್ತು. ಕೊಟ್ಟ ಸೂಪು ಹಾಗೇ ಬಟ್ಟಲಲ್ಲಿತ್ತು. ಡಾಕ್ಟ್ರಮ್ಮ ಹೊಟ್ಟೆ ಒತ್ತಿ ನೋಡಿದರು. "ನೋವಾಗುತ್ತಾ?" ಅವನು ಇಲ್ಲವೆಂದು ತಲೆ ಆಡಿಸಿದ. "ಇಲ್ಲಿ?" ಇಲ್ಲ. ಮುಖದಲ್ಲಿ ನಗು.

ಅವರಿಗೆ ಸಮಾಧಾನವಾಗಲಿಲ್ಲ. ನನ್ನನ್ನು ಬಾಗಿಲ ಹತ್ತಿರ ಕರೆದರು. "ನಾಡಿ ನನಗೆ ಸರಿ ಕಾಣ್ತಿಲ್ಲ ಸಿಸ್ಟರ್. ಕೂಡ್ಸಿದ ಜಾಗ ಎಲ್ಲಾದ್ರೂ ಬಿಟ್ಕೊಂಡಿದ್ರೆ ಅಂತ ಭಯ. ನೋವು ಅಂದಿದ್ರೆ ಈಗ್ಲೇ ಸ್ಕ್ಯಾನ್‌ಗೆ ಕಳಿಸ್ತಿದ್ದೆ. ಇವರು ಮೂರು ದಿನದಿಂದ ಸೊನ್ನೆ ಅಂತಿದಾರೆ. ಕರುಳು ಬಿಟ್ಕೊಂಡೋರು ಹೀಗೆ ನಗ್ತಾ ಮಲಗಿರಲ್ಲ. ರಕ್ತ ಕಳ್ಸಿ, ಸಂಜೆ ರಿಪೋರ್ಟ್ ನೋಡಿ ತೀರ್ಮಾನ ಮಾಡೋಣ."

ಕೂಡಿಸಿದ ಜಾಗ ಸೋರುವುದೆಂದರೇನೆಂದು ನಾನು ಕಂಡವಳು. ಕರುಳಿನೊಳಗಿನ ಹೊಲಸು ಹೊಟ್ಟೆಯಲ್ಲಿ ಹರಡಿ ನಂಜಾಗುತ್ತದೆ, ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಅದಕ್ಕೆ ನೋವಿರುತ್ತದೆ, ಅಸಾಧ್ಯ ನೋವು. ಇವನಿಗೆ ನೋವಿಲ್ಲವಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಹನ್ನೆರಡು ಗಂಟೆಗೆ ಔಷಧದ ಟ್ರೇ ಹಿಡಿದು ವಾರ್ಡಿಗೆ ಹೋದೆ. ತಮ್ಮ ಆಚೆ ಮಗ್ಗುಲಾಗಿ ಮಲಗಿದ್ದ. ಅವನ ಹೆಂಡತಿ ಕಾರಿಡಾರಿನ ನಲ್ಲಿಯ ಹತ್ತಿರ ಟವೆಲ್ ಹಿಂಡುತ್ತಿದ್ದಳು. ಡ್ರೈವರ್ ನನ್ನನ್ನು ಕಣ್ಣಿನಲ್ಲೇ ಹತ್ತಿರ ಕರೆದರು.

"ಸಿಸ್ಟರ್, ನಿಮ್ ಕಡೆಯೋರು ಜೋರಾಗಿ ಗೆಲ್ತಾ ಇದಾರಲ್ಲ. ಮೂರು ದಿನದಿಂದ ಸೊನ್ನೆ ಮೇಲೆ ಸೊನ್ನೆ!"

"ಯಾರ ಕಡೆ? ಏನ್ ಹೇಳ್ತಿದೀರಿ?"

"ಅದೇ, ನಾಲ್ಕು ತೂತಿನ ಕಡೆ. ನಿಮ್ಮ ತಮ್ಮ ನಾಲ್ಕರೋರು ತಾನೇ?" ದನಿ ತಗ್ಗಿಸಿದರು. "ಆದ್ರೂ ಪಾಪ, ಆ ಮೇಡಂ ಬೆನ್ನು ತಿರುಗಿಸಿದ ತಕ್ಷಣ ಟವೆಲ್ ಕಚ್ಕೊಂಡು ಮಲಗ್ತಾರೆ ನೋಡಿ. ಬೆಳಗ್ಗೆಯಿಂದ ನೋಡೋಕಾಗ್ತಿಲ್ಲ. ಅದಕ್ಕೇ ಹೇಳ್ದೆ."

"ನಾಲ್ಕರೋರು ಅಂತ ನಿಮಗೆ ಯಾರು ಹೇಳಿದ್ದು?"

"ನೀವೇ!" ಎಂದರು ಡ್ರೈವರ್. "ನಿಮ್ಮ ಕೈ. ಕೆಳಗೆ ಗಾಯ ಇದ್ರೆ ಸ್ಪಿರಿಟ್ ಹಚ್ಚಿ, ಉಸಿರು ಬಿಡಿ ಉಸಿರು ಬಿಡಿ ಅಂತ ಮೆಲ್ಲಗೆ ತೆಗೀತೀರಿ. ಗಾಯ ಇಲ್ದಿದ್ರೆ ಸರ್ ಅಂತ ಕಿತ್ತು ಬಿಸಾಕ್ತೀರಿ. ನನಗೆ ಒಂದು ಮೆಲ್ಲಗೆ, ಮೂರು ಸರ್. ನಾನು ಒಂದರವನು. ಇಡೀ ವಾರ್ಡಿಗೇ ಗೊತ್ತು ಸಿಸ್ಟರ್, ಹೋಗೋರು ಬರೋರಿಗೆ ಹೇಳಿಕೊಟ್ಟೇ ಹೋಗ್ತಾರೆ. ನಿಮ್ಮ ತಮ್ಮನಿಗೂ ನಾನೇ ಹೇಳ್ದೆ. ಅವರಿಗೆ ನಾಲ್ಕೂ ಮೆಲ್ಲಗೆ ತೆಗೆದ್ರಲ್ಲ, ಲೆಕ್ಕ ಸರಿಹೋಯ್ತು. ಬಹಳ ಸಂತೋಷ ಪಟ್ರು."

ಎಂಟು ತಿಂಗಳು! ಟವೆಲ್ ಅಡ್ಡ ಹಿಡಿಸಿ, ಕಣ್ಣಿಗೆ ಕಾಣಬಾರದೆಂದು ಅಷ್ಟೆಲ್ಲ ನಾಟಕ ಆಡಿಸಿದವಳು ನಾನು, ನನ್ನ ಕೈ ಮಾತ್ರ ಎಲ್ಲರಿಗೂ ಡಂಗುರ ಸಾರುತ್ತಿತ್ತು. ನಿಜ, ಗಾಯವಿಲ್ಲದ ಕಡೆ ಯಾಕೆ ಹೊತ್ತು ಹಾಳು ಮಾಡಲಿ ಎಂದು ಕಿತ್ತೇ ಬಿಡುತ್ತಿದ್ದೆ. ಇವನೊಬ್ಬನಿಗೆ, ತಮ್ಮ ಎಂಬ ಕಾರಣಕ್ಕೆ, ಸುಳ್ಳು ಪಟ್ಟಿಯನ್ನೂ ಮೆಲ್ಲಗೆ ತೆಗೆದಿದ್ದೆ.

ಟ್ರೇ ಅಲ್ಲೇ ಕೆಳಗಿಟ್ಟು ಅವನ ಮಂಚದ ಪರದೆ ಎಳೆದೆ. ಹಣೆಯಲ್ಲಿ ಬೆವರು, ತುಟಿಯಲ್ಲಿ ಹಲ್ಲಿನ ಗುರುತು.

"ಎಷ್ಟೋ ನೋವು?"

"ಸೊನ್ನೆ," ಎಂದ.

"ನನ್ ಮುಂದೆ ನಾಟಕ ಆಡ್ಬೇಡ. ಎಷ್ಟು?"

"ಸುಮ್ನಿರಕ್ಕ. ಏಳು ದಿನದ ಲೆಕ್ಕ ತಾನೇ ಅವರು ಬರ್ಕೊಳ್ಳೋದು? ಇನ್ನು ಮೂರು ದಿನ. ಆಮೇಲೆ ಹೇಳ್ತೀನಿ." ಉಸಿರು ತುಂಡು ತುಂಡಾಗಿ ಬರುತ್ತಿತ್ತು. "ನೀನು ಆ ಡಾಕ್ಟ್ರಮ್ಮನ ಮುಂದೆ ತಲೆ ತಗ್ಗಿಸ್ಬಾರ್ದು. ನನ್ನ ಸಾಕಿದ್ದು ನೀನು. ನಿನಗೆ ಅಂತ ನಾನು ಯಾವತ್ತು ಏನು ಮಾಡಿದೀನಿ ಹೇಳು?"

ಬೈಯಲು ಬಾಯಿ ತೆರೆದರೆ ಮಾತೇ ಬರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ನಾನು ಎಷ್ಟು ಕೇಳಿದರೂ, ಎಷ್ಟು ಅತ್ತರೂ ಇವನು ಸೊನ್ನೆ ಎಂದೇ ಹೇಳುತ್ತಾನೆಂದು ನನಗೆ ಗೊತ್ತಾಗಿಹೋಯಿತು. ಇವನ ಹಟ ಬಿಡಿಸಲು ಇದ್ದದ್ದು ಒಂದೇ ದಾರಿ, ಅದು ನಾನು ಯಾವ ಕಾರಣಕ್ಕೂ ಮಾಡುವುದಿಲ್ಲವೆಂದು ಸಹಿ ಹಾಕಿ ಕೊಟ್ಟಿದ್ದ ಕೆಲಸ.

ಅಂಗಿ ಸರಿಸಿದೆ. ಟವೆಲ್ ಇಲ್ಲ, ಸ್ಪಿರಿಟ್ ಇಲ್ಲ. ಒಂದಾದ ಮೇಲೆ ಒಂದು ಮೂರೂ ಪಟ್ಟಿ ಸರ್ ಸರ್ ಸರ್ ಎಂದು ಕಿತ್ತು ಅವನ ಮುಖದ ಮುಂದೆ ಹಿಡಿದೆ.

"ತಲೆ ಎತ್ತಿ ನೋಡೋ. ನೋಡು! ಎಲ್ಲಿದೆ ತೂತು?"

ಅವನು ಕಷ್ಟಪಟ್ಟು ತಲೆ ಎತ್ತಿದ. ಮೂರು ಕಡೆಯೂ ಬರೀ ಚರ್ಮ, ಅಂಟಿನ ಚೌಕಾಕಾರದ ಗುರುತು, ಅಷ್ಟೇ.

"ಇದೇನಕ್ಕ ಇದು?"

"ನೀನು ಒಂದರವನು ಕಣೋ, ಮಂಕೆ! ನಿನ್ನ ಸೊನ್ನೆ ಎಲ್ಲ ಆ ಕಡೆಗೆ ಹೋಗಿದೆ. ನನ್ನ ಗೆಲ್ಲಿಸ್ತೀನಿ ಅಂತ ಅವರನ್ನ ಗೆಲ್ಲಿಸ್ತಿದೀಯ. ಯಾರು ಗೆದ್ರೆ ನನಗೇನೋ? ಜಾಯಿಂಟು ಸೋರ್ತಿದ್ರೆ ಬಟ್ಟೆ ಸುತ್ತಿ ಮುಚ್ಚಿಡೋರಿಗೆ ಏನಂತೀಯ ನೀನು? ಹೇಳು ಈಗ. ಎಷ್ಟು?"

ಅವನ ತಲೆ ದಿಂಬಿಗೆ ಬಿತ್ತು. ಆಮೇಲೆ ಕಣ್ಣಿನ ಕೊನೆಯಿಂದ ನೀರಿಳಿಯಿತು.

"ಒಂಬತ್ತು, ಅಕ್ಕ," ಎಂದ. "ಬುಧವಾರದಿಂದ ಏರ್ತಾನೇ ಇದೆ."

ಡಾಕ್ಟ್ರಮ್ಮನ ಕೋಣೆಯವರೆಗೆ ನಾನು ಓಡಿದೆ. ಐವತ್ತೊಂಬತ್ತು ವರ್ಷದ ಹೆಂಗಸು ಕಾರಿಡಾರಿನಲ್ಲಿ ಓಡಿದ್ದನ್ನು ನೋಡಿ ಜನ ಗೋಡೆಗೆ ಒತ್ತಿ ನಿಂತರು. ಅವರು ನನ್ನ ಮುಖ ನೋಡಿದವರೇ ಪೆನ್ನು ಕೆಳಗಿಟ್ಟು ಎದ್ದರು, ನಾನು ಹೇಳಿದ್ದನ್ನು ನಡೆಯುತ್ತಲೇ ಕೇಳಿಸಿಕೊಂಡರು. ಒಂದು ಗಂಟೆಗೆ ಸ್ಕ್ಯಾನ್. ಎರಡಕ್ಕೆ ಅವನು ಥಿಯೇಟರಿನಲ್ಲಿದ್ದ.

ಹೊರಗೆ ಬೆಂಚಿನಲ್ಲಿ ನಾನು, ಅವನ ಹೆಂಡತಿ. ಅವಳು ನೆನೆದ ಟವೆಲ್ಲನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. "ನನಗೆ ಗೊತ್ತಿತ್ತು ಅತ್ತಿಗೆ," ಎಂದಳು ನೆಲ ನೋಡುತ್ತ. "ಅಕ್ಕನಿಗೆ ಹೇಳಿದ್ರೆ ನನ್ನಾಣೆ ಅಂದಿದ್ರು. ನಾನೂ ಬಾಯಿ ಮುಚ್ಕೊಂಡೆ." ಬೇರೆ ದಿನವಾಗಿದ್ದರೆ ಅವಳಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಅಂದು ಅವಳ ಕೈಯಿಂದ ಟವೆಲ್ ತೆಗೆದುಕೊಂಡು ಮಡಿಸಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ತಪ್ಪು ಅವಳದ್ದಲ್ಲ, ನನ್ನದು.

ಎರಡೂವರೆ ಗಂಟೆ ಬಿಟ್ಟು ಡಾಕ್ಟ್ರಮ್ಮ ಹೊರಗೆ ಬಂದು ನಮ್ಮ ಪಕ್ಕದಲ್ಲೇ ಕೂತರು.

"ಕೂಡ್ಸಿದ ಜಾಗದಲ್ಲಿ ಒಂದು ಕಡೆ ಬಿಟ್ಕೊಂಡಿತ್ತು. ಸಣ್ಣದು. ಹೊಟ್ಟೆ ಎಲ್ಲ ತೊಳೆದಿದೀವಿ. ಅದು ಮಾಯೋವರೆಗೆ ಮೇಲಿನ ಕರುಳನ್ನ ಹೊರಗೆ ತಂದು, ಮಲ ಬೀಳೋಕೆ ಚೀಲ ಕಟ್ಟಿದೀವಿ. ಮೂರು ತಿಂಗಳು. ಉಳೀತಾರೆ." ತಲೆಯ ಟೋಪಿ ತೆಗೆದು, "ಸಂಜೆ ರಿಪೋರ್ಟ್‌ಗೆ ಅಂತ ಕಾದಿದ್ರೆ ಈ ಮಾತು ಹೇಳ್ತಿದ್ನೋ ಇಲ್ವೋ. ನಾನೂ ಆ ಸೊನ್ನೆನೇ ನಂಬ್ಕೊಂಡು ಕೂತಿದ್ದೆ, ನನ್ನದೂ ತಪ್ಪಿದೆ," ಎಂದರು.

ನನ್ನ ಹಾಳು ನಾಲಿಗೆ ಆಗಲೂ ಸುಮ್ಮನಿರಲಿಲ್ಲ. "ಒಂದೇ ತೂತಲ್ಲಿ ಮಾಡಿದ್ದಕ್ಕೆ ತಾನೇ ಹೀಗಾಗಿದ್ದು?" ಎಂದೆ.

"ಅಲ್ಲ ಸಿಸ್ಟರ್. ಒಳಗೆ ಕೂಡ್ಸೋ ಕೆಲಸ ಎರಡರಲ್ಲೂ ಒಂದೇ. ಎರಡು ತಿಂಗಳ ಹಿಂದೆ ನಾಲ್ಕರದ್ದೂ ಒಂದು ಹೀಗೇ ಬಿಟ್ಕೊಂಡಿತ್ತಲ್ಲ, ಆ ಟೀಚರದ್ದು. ನೀವೇ ಅವರನ್ನ ನೋಡ್ಕೊಂಡಿದ್ರಿ. ಆವತ್ತು ನೀವು ತೂತಿನ ಮಾತು ಎತ್ತಲಿಲ್ಲ."

ಹೌದು, ಎತ್ತಿರಲಿಲ್ಲ.

ಶನಿವಾರ ನಂಬರ್ ಮೇಡಂ ಒಂದು ಹಾಳೆ ತಂದು ಮುಂದಿಟ್ಟರು. ಗುಟ್ಟು ಒಡೆದರೆ ತುಂಬಬೇಕಾದ ಹಾಳೆ. ಯಾರು ಒಡೆದರು, ಯಾವಾಗ, ಕಾರಣವೇನು. ಎಲ್ಲ ಬರೆದೆ: ಕೈ ಹೇಗೆ ಕೆಟ್ಟಿತು, ಬಾಯಿ ಹೇಗೆ ಕೆಟ್ಟಿತು, ಎರಡೂ ಸೇರಿ ಏನು ಮಾಡಿದವು. ಅವರು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು. "ಹಾಗಾದ್ರೆ ಈ ವಾ‌ರ್ಡಿಂದ ಬಂದಿರೋ ಎಂಟು ತಿಂಗಳ ನೋವಿನ ಅಂಕಿ ಎಲ್ಲ ಪಕ್ಕಕ್ಕೆ ಇಡ್ಬೇಕು," ಎಂದರು. "ನಿಮಗೆ ಹೆದರಿ ಎಷ್ಟು ಜನ ಕಮ್ಮಿ ಹೇಳಿದಾರೋ, ಎಷ್ಟು ಜನ ಜಾಸ್ತಿ ಹೇಳಿದಾರೋ." ಡ್ರೈವರ್ ತಮ್ಮ ಮಂಚದಿಂದಲೇ ಕೈ ಎತ್ತಿ, "ನಾನು ಒಂದರವನಲ್ವಾ, ಸಿಸ್ಟರ್ ಬೇಜಾರು ಮಾಡ್ಕೋಬಾರ್ದು ಅಂತ ಎರಡು ಜಾಸ್ತಿ ಸೇರಿಸಿ ಹೇಳ್ದೆ," ಎಂದರು. ಮೇಡಂ ಅದನ್ನೂ ಬರೆದುಕೊಂಡರು.

ಪಟ್ಟಿ ಕೆಲಸದಿಂದ ನನ್ನನ್ನು ತೆಗೆದರು. ತೆಗೆಯಬೇಕಾದದ್ದೇ. ಈಗ ಬೇರೊಬ್ಬ ಸಿಸ್ಟರ್ ನಾಲ್ಕನ್ನೂ ಒಂದೇ ಸಮ ಮೆಲ್ಲಗೆ ತೆಗೆಯುತ್ತಾರೆ. ಅಧ್ಯಯನ ಮತ್ತೆ ಮೊದಲಿನಿಂದ ನಡೆಯುತ್ತಿದೆ. ಯಾವುದು ಗೆಲ್ಲುತ್ತದೋ ನನಗೆ ಗೊತ್ತಿಲ್ಲ. ಹಾಗೆ ಹೇಳುವುದನ್ನು ಈಗ ನಾನೂ ಕಲಿತಿದ್ದೇನೆ. ತಮ್ಮನ ಚೀಲ ಹದಿನಾಲ್ಕು ವಾರಕ್ಕೆ ತೆಗೆದರು. ಈಗ ಪೈಪಿನ ಕೆಲಸಕ್ಕೆ ಹೋಗುತ್ತಾನೆ, ಬೆಲ್ಟು ಮತ್ತೆ ಹಳೆಯ ತೂತಿಗೆ ಬಂದಿದೆ. ಆದರೆ ನಾನು ಮರೆಯದೆ ಇರುವುದು ಎರಡನೆಯ ಆಪರೇಷನ್ ಆದ ಮೇಲಿನ ಭಾನುವಾರದ ಬೆಳಿಗ್ಗೆ.

ಅಂದು ಅವನ ಹೊಟ್ಟೆಯ ಮೇಲೆ ನಾಲ್ಕು ಪಟ್ಟಿ ಇದ್ದವು, ಚೀಲ ಬೇರೆ. ತೊಳೆಯಲು ಇನ್ನೂ ಮೂರು ತೂತು ಮಾಡಬೇಕಾಗಿತ್ತು. ನಾನು ಸೋಮವಾರ ಸುಳ್ಳು ಪಟ್ಟಿ ಅಂಟಿಸಿದ್ದ ಜಾಗಗಳಲ್ಲೇ, ಈ ಸಲ ನಾಲ್ಕೂ ನಿಜವಾದವು. ಹತ್ತು ಗಂಟೆಗೆ ನಂಬರ್ ಮೇಡಂ ಬಂದರು. ಅಧ್ಯಯನದ ಲೆಕ್ಕದಲ್ಲಿ ಅವನು ಇರಲಿಲ್ಲ, ಆದರೂ ಬಂದರು. ಪ್ರಶ್ನೆ ಕೇಳುವಾಗ ನಾನು ಹತ್ತಿರ ಇರಬಾರದೆಂದು ಹೇಳಿದ್ದರು. ಪರದೆಯ ಆಚೆ ಹೋಗಿ ನಿಂತೆ.

"ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?"

"ಅಕ್ಕ ಹೊರಗೆ ನಿಂತಿದಾಳಾ?" ಎಂದ. ದನಿ ಬತ್ತಿಹೋಗಿತ್ತು.

ಮೇಡಂ ಸುಳ್ಳು ಹೇಳುವವರಲ್ಲ. "ನಿಂತಿದಾರೆ. ಬೇಕಿದ್ರೆ ಇನ್ನೂ ದೂರ ಕಳಿಸ್ತೀನಿ."

ನಾನು ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಮತ್ತೆ ಸೊನ್ನೆ ಎಂದರೆ ಏನು ಮಾಡಲಿ? ನನಗೆ ಹೆದರಿ, ನನಗೆ ಬೇಜಾರಾಗುತ್ತದೆಂದು ಇವನು ಜೀವಮಾನವಿಡೀ ಸೊನ್ನೆ ಹೇಳಿಕೊಂಡೇ ಬಂದಿದ್ದಾನಲ್ಲ.

"ಬೇಡ, ಅಲ್ಲೇ ಇರ್ಲಿ," ಎಂದ ತಮ್ಮ. ಆಮೇಲೆ ಇದ್ದ ಉಸಿರನ್ನೆಲ್ಲ ಕೂಡಿಸಿ, ಪರದೆಯಾಚೆಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದ: "ಏಳು."

ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಏಳು ಎಂದ ನನ್ನ ತಮ್ಮ. ನನ್ನ ಮುಂದೆಯೇ ಏಳು ಎಂದ.